ದಾಡಿ ಪೆಟ್ಟಿಗೆಯ ಗುಬ್ಬಿ, ಮಾಳಿಗೆಯ ಕಾಗೆ

ಮೂರು ವಾರಗಳ ಕಾಲ ನಾನು ನಮ್ಮಪ್ಪನಿಗೆ ಕಲ್ಲು ಒಗೆದಿದ್ದೇನೆ. ಗಾಬರಿಯಾಗಬೇಡಿ, ಆಗ ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕಲ್ಲು ಒಂದೂ ತಗಲಲಿಲ್ಲ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ, ನನ್ನ ಗುರಿಯ ಬಗ್ಗೆ ನಿಮಗೆ ಸುಮ್ಮನೆ ಗೌರವ ಹುಟ್ಟಬಾರದು. ಅವರು ಬದುಕಿದ್ದಾಗ ನಾನು ಎದುರಿಗೆ ನಿಂತು ದನಿ ಎತ್ತಿದವನಲ್ಲ. ಅಂಥವನು ಅವರು ಹೋದ ಮೇಲೆ ಕವಣೆ ಹಿಡಿದು ಹಿತ್ತಲಲ್ಲಿ ನಿಲ್ಲಬೇಕಾದದ್ದು ಒಂದು ಜೋಡಿ ಗುಬ್ಬಿಯ ಸಲುವಾಗಿ.

ಅಪ್ಪನ ದಾಡಿ ಪೆಟ್ಟಿಗೆಯಿಂದಲೇ ಶುರು ಮಾಡಬೇಕು. ಸಾಗವಾನಿ ಕಟ್ಟಿಗೆಯದು, ಗೇಣುದ್ದ, ಮುಚ್ಚಳದ ಒಳಮೈಗೆ ಒಂದು ಕನ್ನಡಿ. ಒಳಗೆ ಕತ್ತಿ, ಬ್ರಷ್ಷು, ಹಿತ್ತಾಳೆ ಬಟ್ಟಲು, ಒಂದು ಪಟಿಕದ ತುಂಡು. ಅಪ್ಪ ಗಡ್ಡಕ್ಕೂ ಪಂಚಾಂಗ ನೋಡುವವರು. ಏಕಾದಶಿ ಇಲ್ಲ, ಅಮಾವಾಸ್ಯೆ ಇಲ್ಲ, ಮಂಗಳವಾರ ಇಲ್ಲ, ಶನಿವಾರ ಇಲ್ಲ, ಹುಟ್ಟಿದ ನಕ್ಷತ್ರ ಇಲ್ಲ. ಇವೆಲ್ಲ ಕಳೆದು ಉಳಿದ ದಿನಗಳಲ್ಲಿ ಅವರು ಹಿತ್ತಲ ಕಟ್ಟೆಯ ಮೇಲೆ ಪೆಟ್ಟಿಗೆ ತೆರೆದು ಕೂತರೆ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಮಾತಾಡಿದರೆ ಕತ್ತಿ ಜಾರುತ್ತದೆ ಎಂಬುದು ನೆಪ. ಅವರಿಗೆ ಒಟ್ಟಾರೆ ಮಾತೇ ಬೇಡವಾಗಿತ್ತು ಎಂದು ನನ್ನ ಅನುಮಾನ.

ಕಾಲೇಜಿಗೆಂದು ವಿಜಾಪುರಕ್ಕೆ ಹೋದ ವರ್ಷ ನಾನು ಚಂಡಿಕೆ ಕತ್ತರಿಸಿಕೊಂಡು ಮನೆಗೆ ಬಂದೆ. ಅಪ್ಪ ದಾಡಿಗೆ ಕೂತಿದ್ದರು. ತಿರುಗಿ ನೋಡಲಿಲ್ಲ, ನಾನು ಬೆನ್ನು ತಿರುಗಿಸಿ ಚೀಲ ಇಳಿಸುವಾಗ ಕನ್ನಡಿಯಲ್ಲೇ ನನ್ನ ಜುಟ್ಟಿಲ್ಲದ ಬೋಳು ಹಿಂದಲೆ ಕಂಡರು. ಅರ್ಧ ಮುಖಕ್ಕೆ ಸಾಬೂನು ಇದ್ದಂತೆಯೇ ಪೆಟ್ಟಿಗೆ ಮುಚ್ಚಿ ಒಳಗೆ ಹೋದರು. ಬೈಯಲಿಲ್ಲ. ಬೈದಿದ್ದರೆ ಎಂಟು ದಿನಗಳಲ್ಲಿ ಮುಗಿದುಹೋಗುತ್ತಿತ್ತು. ಅಂದಿನಿಂದ ಅವರು ಸಾಯುವ ತನಕ ನಾವಿಬ್ಬರೂ ಒಂದೇ ಪಂಕ್ತಿಯಲ್ಲಿ ಉಣ್ಣಲಿಲ್ಲ. ನಾನು ಸೂಟಿಗೆ ಮನೆಗೆ ಬಂದಾಗಲೆಲ್ಲ ಅವ್ವ ಮೊದಲು ನನಗೆ ಬಡಿಸುವಳು. ನಾನು ಕೈತೊಳೆದು, ಚಪ್ಪಲಿ ಮೆಟ್ಟಿ ಹೊರಬಿದ್ದ ಮೇಲೆ ಅಪ್ಪ ದೇವರ ಕೋಣೆಯಿಂದ ಎದ್ದು ಬರುವರು. ನನ್ನ ಮುಖ ಕಂಡರೆ ಅವರಿಗೆ ಅನ್ನ ಇಳಿಯುವುದಿಲ್ಲ ಎಂದು ನಾನು ತಿಳಿದುಕೊಂಡಿದ್ದೆ. ತಿಳಿದುಕೊಂಡು, ಬೇಗ ಬೇಗ ಉಂಡು ಅವರಿಗೆ ಜಾಗ ಬಿಡುತ್ತಿದ್ದೆ. ನನ್ನ ಮಟ್ಟಿಗೆ ಪಿತೃಭಕ್ತಿ ಎಂದರೆ ಅಷ್ಟೇ ಆಗಿತ್ತು.

ಗುಬ್ಬಿಯ ಪ್ರಸಂಗ ಎಪ್ಪತ್ತರ ದಶಕದ ನಡುಮಧ್ಯದ್ದು. ಸಿಂದಗಿಯಲ್ಲಿ ಮೂರು ವರ್ಷ, ಬಸವನ ಬಾಗೇವಾಡಿಯಲ್ಲಿ ಎರಡು ವರ್ಷ ವಿಜ್ಞಾನ ಕಲಿಸಿ ಕೊನೆಗೆ ನಮ್ಮೂರು ಮುದ್ದೇಬಿಹಾಳಕ್ಕೇ ಮಾಸ್ತರನಾಗಿ ಬಂದಿದ್ದೆ. ಬಂದವನೇ ನಾಗರಿಕತೆಯ ಹುರುಪಿನಲ್ಲಿ ಮನೆಯ ಮಣ್ಣಿನ ಮಾಳಿಗೆ ತೆಗೆಸಿ ಸಿಮೆಂಟಿನ ಸ್ಲ್ಯಾಬು ಹಾಕಿಸಿದೆ. ಜಂತಿಯ ಸಂದಿಗಳಲ್ಲಿ ಎಷ್ಟೋ ತಲೆಮಾರುಗಳಿಂದ ಸಂಸಾರ ಮಾಡಿಕೊಂಡಿದ್ದ ಗುಬ್ಬಿಗಳಿಗೆ ಹೀಗೆ ಮನೆ ಇಲ್ಲದಂತಾಯಿತು. ಅವು ಬಾಯಲ್ಲಿ ಹುಲ್ಲುಕಡ್ಡಿ ಹಿಡಿದು ಒಳಗೆ ಬರುವುದು, ನುಣ್ಣನೆಯ ಛತ್ತಿನ ಕೆಳಗೆ ಮೂರು ಸುತ್ತು ಹಾಕುವುದು, ಕಡ್ಡಿಯನ್ನು ನನ್ನ ಸಾರಿನ ಬಟ್ಟಲಲ್ಲಿ ಬಿಟ್ಟು ಹೋಗುವುದು. ನಾಲ್ಕು ದಿನ ನಡೆಯಿತು ಹೀಗೆ. ಐದನೆಯ ದಿನ ಅವ್ವ ಹೇಳಿದಳು:

"ಬಸರಿ ಹೆಂಗಸನ್ನ ಮನಿ ಬಿಡಿಸಿದವರಿಗೆ ಛಲೋ ಆಗೂದಿಲ್ಲೋ. ಅವಕ್ಕೊಂದು ಏನರೆ ವ್ಯವಸ್ಥಾ ಮಾಡು."

ಆ ಮಾತು ನನಗೆ ನಾಟಿತು. ನನ್ನ ಹೆಂಡತಿ ಕುಸುಮಾ ಆಗಲೇ ಚೊಚ್ಚಲ ಬಾಣಂತನಕ್ಕೆಂದು ತವರುಮನೆಗೆ, ಇಂಡಿಗೆ ಹೋಗಿದ್ದಳು. ಶಾಲೆಗೆ ಬೇಸಿಗೆ ಸೂಟಿ. ಇಡೀ ದಿನ ಮಾಡಲು ಏನೂ ಇಲ್ಲ, ಇಂಡಿಯಲ್ಲಿ ಆಗಬೇಕಾದದ್ದಕ್ಕೆ ನನ್ನಿಂದ ಆಗುವ ಸಹಾಯವೂ ಏನೂ ಇಲ್ಲ. ಗಂಡಸು ಇಷ್ಟು ನಿರುಪಯೋಗಿಯಾಗುವ ಕಾಲ ಬೇರೊಂದಿಲ್ಲ. ಗುಬ್ಬಿಗೆ ಮನೆ ಕಟ್ಟಿಕೊಡುತ್ತೇನೆ ಎಂದು ಎದ್ದೆ. ಹಲಗೆ ಹುಡುಕುತ್ತಿದ್ದಾಗ ಅವ್ವ ಟ್ರಂಕಿನ ತಳದಿಂದ ದಾಡಿ ಪೆಟ್ಟಿಗೆ ತೆಗೆದು ಕೊಟ್ಟಳು. "ಸುಮ್ಮ ಬಿದ್ದದ. ನೀ ಅಂತೂ ಇದರಾಗ ದಾಡಿ ಮಾಡಿಕೊಳ್ಳಾಂವ ಅಲ್ಲ" ಎಂದಳು. ಕೊಡುವಾಗ ಸೆರಗಿನಿಂದ ಅದರ ಮೇಲಿನ ಧೂಳು ಒರೆಸಿದ್ದನ್ನು ನಾನು ನೋಡಿದೆ, ಆದರೆ ಅದಕ್ಕೆ ಅರ್ಥ ಹಚ್ಚಲಿಲ್ಲ.

ಗುಬ್ಬಿಯ ಮೈಗೆ ಎಷ್ಟು ದೊಡ್ಡ ತೂತು ಬೇಕು ಎಂದು ನಾನು ಕಾಗದದ ಮೇಲೆ ಲೆಕ್ಕ ಹಾಕಿ, ಓಣಿಯ ಬಡಿಗೇರನ ಮುಂದೆ ಪಾಠ ಮಾಡಿದೆ. ಅವನು ಕಾಗದ ನೋಡದೆ ತನ್ನ ಎರಡು ಬೆರಳು ಜೋಡಿಸಿ ಅಳತೆ ಹಿಡಿದು ಬೈರಿಗೆ ತಿರುಗಿಸಿದ. "ಗುಬ್ಬಿ ಬಿಟ್ರ ಇದರಾಗ ಯಾವುದೂ ಹೋಗಂಗಿಲ್ಲ ನೋಡ್ರಿ. ಕಾಗೀದು ಮೂಗು ಸುದ್ದಾ ಪೂರಾ ಹೋಗಂಗಿಲ್ಲ" ಎಂದ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಪೆಟ್ಟಿಗೆಯನ್ನು ಹಿತ್ತಲ ಗೋಡೆಗೆ, ಬೇವಿನ ಗಿಡದ ನೆರಳು ಬೀಳುವ ಕಡೆ ಮೊಳೆ ಹೊಡೆದು ತೂಗುಹಾಕಿದೆ. ಮರುದಿನವೇ ಗಂಡು ಗುಬ್ಬಿ ಬಂದು ಒಳಗೆ ಹೊಕ್ಕಿತು. ಹೊಕ್ಕದ್ದೇ ತಡ, ಒಳಗೆ ಮಾರಾಮಾರಿ. ನಾನು ಕನ್ನಡಿ ತೆಗೆಯುವುದನ್ನು ಮರೆತಿದ್ದೆ. ಒಳಗೆ ಆಗಲೇ ಇನ್ನೊಬ್ಬ ಗಂಡು ಇದ್ದಾನೆ ಎಂದು ತಿಳಿದು ಅದು ಎರಡು ದಿನ ಆ ಕನ್ನಡಿಯೊಂದಿಗೆ ಕಾದಾಡಿತು. ಹೆಣ್ಣು ಗುಬ್ಬಿ ಬೇವಿನ ಟೊಂಗೆಯ ಮೇಲೆ ಕೂತು, ಈ ಗಂಡಸರ ಹಣೆಬರಹವೇ ಇಷ್ಟು ಎಂಬ ಮುಖ ಮಾಡಿಕೊಂಡು ರೆಕ್ಕೆ ತಿಕ್ಕುತ್ತಿತ್ತು. ಮೂರನೆಯ ದಿನ ನಾನು ಕನ್ನಡಿ ಕಿತ್ತು ತೆಗೆದೆ. ಗಂಡು ಗುಬ್ಬಿ ತಾನೇ ಗೆದ್ದೆನೆಂದು ಪೆಟ್ಟಿಗೆಯ ಮೇಲೆ ನಿಂತು ಒಂದು ತಾಸು ಕೂಗಿತು. ಅದರ ಹೆಮ್ಮೆಗೆ ನಾನು ಅಡ್ಡಿ ಬರಲಿಲ್ಲ.

ಸಿಂದಗಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲಕ ದಿನಕ್ಕೆ ಎರಡು ಸಲ ಏನೋ ನೆಪ ಮಾಡಿಕೊಂಡು ಒಳಗೆ ಬರುತ್ತಿದ್ದ. ನಾನು ಗೋಡೆಗೆ ಹೊಸ ಮೊಳೆ ಹೊಡೆದಿದ್ದೇನೋ, ಒಲೆಯ ಹೊಗೆ ಛತ್ತಿಗೆ ಹತ್ತಿದೆಯೋ ಎಂದು ಕಣ್ಣಾಡಿಸಿ, ಒಂದು ಲೋಟ ಚಹಾ ಕುಡಿದು ಹೋಗುತ್ತಿದ್ದ. ಅವನನ್ನು ನಾನು ಮನಸ್ಸಿನಲ್ಲಿ ಬೈದ ಬೈಗುಳಕ್ಕೆ ಅಳತೆಯಿಲ್ಲ. ಈಗ ನಾನೇ ಮಾಲಕನಾದೆನಲ್ಲ, ದಿನಕ್ಕೆ ಆರು ಸಲ ಸ್ಟೂಲು ಹತ್ತಿ ತೂತಿನಲ್ಲಿ ಕಣ್ಣಿಡುತ್ತಿದ್ದೆ. ಮೊಟ್ಟೆ ಒಂದಾಯಿತು, ಎರಡಾಯಿತು, ಮೂರಾಯಿತು. ಪ್ರತಿಯೊಂದಕ್ಕೂ ಕುಸುಮಾಗೆ ಒಂದು ಕಾರ್ಡು ಹಾಕಿದೆ. ಮೂರನೆಯ ಕಾರ್ಡಿಗೆ ಅವಳ ಉತ್ತರ ಬಂತು: "ನಿಮ್ಮ ಗುಬ್ಬಿಗೆ ಏನರೆ ತಿನಬೇಕು ಅನಸ್ತದೇನು ಕೇಳಿ ತಿಳಸ್ರಿ, ಇಂಡಿ ನಿಂಬಿಕಾಯಿ ಉಪ್ಪಿನಕಾಯಿ ಕಳಸ್ತೇನಿ. ನನ್ನನ್ನಂತೂ ಯಾರೂ ಕೇಳಲಿಲ್ಲ." ಆ ಕಾರ್ಡನ್ನು ನಾನು ಅವ್ವನಿಗೆ ಓದಿ ಹೇಳಲಿಲ್ಲ.

ಅವ್ವನಿಗೆ ಬೇರೆಯದೇ ಚಿಂತೆ. ವೈಶಾಖದ ಕೊನೆಗೆ ಅಪ್ಪನ ಶ್ರಾದ್ಧ. ಅಷ್ಟರೊಳಗೆ ಇಂಡಿಯಲ್ಲಿ ಕೂಸು ಹುಟ್ಟಿದರೆ ನಮಗೆ ಹತ್ತು ದಿನ ವೃದ್ಧಿಯ ಮೈಲಿಗೆ, ಶ್ರಾದ್ಧ ಮುಂದೂಡಬೇಕು, ಅಪ್ಪ ಅಷ್ಟು ದಿನ ಹಸಿದಿರಬೇಕು. ಆದಕಾರಣ ಸೊಸೆಗೆ ಒಂದು ಕಾರ್ಡು ಬರೆಸಿದಳು. ಆರೋಗ್ಯ, ಊಟ, ಎಣ್ಣೆ-ನೀರು ಎಲ್ಲ ವಿಚಾರಿಸಿ ಕೊನೆಗೆ, "ಶ್ರಾದ್ಧ ಆಗೂ ತನಕಾ ಸ್ವಲ್ಪ ತಡಕೊ" ಎಂದು ಹೇಳಿ ಬರೆಸಿದಳು. ಎಂಥೆಂಥ ಮಾತುಗಳನ್ನು ಹೊತ್ತು ಈ ಪೋಸ್ಟ್ ಕಾರ್ಡುಗಳು ಬಯಲಲ್ಲೇ ಊರೂರು ತಿರುಗುತ್ತವಲ್ಲ ಎಂದು ಬರೆಯುತ್ತ ನಾನೇ ನಾಚಿಕೊಂಡೆ.

ಇನ್ನು ಕಾಗೆಗಳ ವಿಚಾರ. ಅವ್ವ ದಿನಾ ಊಟಕ್ಕೆ ಮೊದಲು ಹಿತ್ತಲ ಗೋಡೆಯ ಮೇಲೆ ಒಂದು ಹಿಡಿ ಅನ್ನ ಇಡುವವಳು. ಕಾಗೆ ಬಂದು ಮುಟ್ಟಿದ ಮೇಲೆಯೇ ಅವಳ ಊಟ. ಬಾಯಿ ಬಿಟ್ಟು ಹೇಳದಿದ್ದರೂ ಆ ಕಾಗೆ ಯಾರೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅನ್ನ ತಿಂದ ಕಾಗೆ ಒಂದು ದಿನ ಸೊಟ್ಟ ಕತ್ತು ಮಾಡಿ ಪೆಟ್ಟಿಗೆಯ ಕಡೆ ನೋಡಿತು. ಮರುದಿನ ಪೆಟ್ಟಿಗೆಯ ಮೇಲೆಯೇ ಬಂದು ಕೂತು ಎರಡು ಸಲ ಕುಕ್ಕಿತು. ಒಳಗೆ ಮೂರು ಮೊಟ್ಟೆ. ಇಂಡಿಯ ಸಂಬಂಧದ ಕಾಳಜಿಯೆಲ್ಲ ಒಮ್ಮೆಲೇ ಆ ಪೆಟ್ಟಿಗೆಗೆ ಬಂದು ಸೇರಿಕೊಂಡಿತೆಂದು ಈಗ ತೋರುತ್ತದೆ. ಆಗ ನನಗೆ ಬರೀ ಸಿಟ್ಟು ಬಂತು, ನಮ್ಮ ಹಿತ್ತಲ ಗೋಡೆಯ ಆಚೆಯ ಬಸಲಿಂಗಪ್ಪ ಕಾಕಾನ ಮನೆಗೆ ಹೋಗಿ ಕವಣೆ ಕೇಳಿದೆ.

ಬಸಲಿಂಗಪ್ಪ ಕಾಕಾ ಒಕ್ಕಲುತನದವರು. ನಮ್ಮ ಕಡೆ ಜೋಳ ಹಾಲುಗಾಳಾದಾಗ ಹೊಲದಲ್ಲಿ ಅಟ್ಟ ಕಟ್ಟಿಕೊಂಡು, ಕವಣೆ ಬೀಸಿ ಗುಬ್ಬಿ ಓಡಿಸುವುದೇ ದೊಡ್ಡ ಕೆಲಸ. ಅವರು ಗೂಟದಿಂದ ಕವಣೆ ತೆಗೆದು ನನ್ನ ಕೈಗಿಟ್ಟು ಬಹಳ ಹೊತ್ತು ನಕ್ಕರು.

"ಜಲ್ಮೆಲ್ಲಾ ಈ ಕವಣೀಲೆ ಗುಬ್ಬಿ ಹೊಡದೇನ್ರಿ ಮಾಸ್ತರ. ಗುಬ್ಬಿ ಉಳಸಾಕ ಒಯ್ದಾವ್ರು ನೀವ ಮದಲಿನಾವ್ರು. ತಗೊಂಡ ಹೋಗ್ರಿ. ಆದ್ರ ಒಂದ ಮಾತು, ಕಲ್ಲ ಒಗದಾವನ ಮಾರಿ ಕಾಗಿ ಮರೆಯಂಗಿಲ್ಲ."

ಮೊದಲ ಕಲ್ಲು ಹಿಂದಕ್ಕೆ ಹೋಗಿ ಬಚ್ಚಲ ಹಂಡೆಗೆ ಬಡಿಯಿತು. ಎರಡನೆಯದು ಬೇವಿನ ಟೊಂಗೆ ಮುರಿಯಿತು. ಮೂರನೆಯದು ಎಲ್ಲಿ ಹೋಯಿತೆಂದು ಇಂದಿಗೂ ತಿಳಿದಿಲ್ಲ. ಯಾರೂ ತಕರಾರು ತರಲಿಲ್ಲವಾದ್ದರಿಂದ ನಾನೂ ವಿಚಾರಿಸಲಿಲ್ಲ. ಆದರೆ ಕಾಗೆಗೆ ಕಲ್ಲು ತಗಲಬೇಕೆಂದೇನಿಲ್ಲ, ಒಗೆಯುವವನ ಮನಸ್ಸು ತಿಳಿದರೆ ಸಾಕು. ನಾನು ಬೇವಿನ ಕೆಳಗೆ ಹೊರಸು ಹಾಕಿಕೊಂಡು ಮುಂಜಾನೆಯಿಂದ ಹೊತ್ತು ಮುಳುಗುವ ತನಕ ಕೂತೆ. ಒಂದು ವಾರದೊಳಗೆ ನಾನು ಕೈ ಎತ್ತಿದರೆ ಸಾಕು, ಎರಡು ಮನೆಯಾಚೆಯ ಕಾಗೆ ಕೂಡ ಹಾರಿಹೋಗುವಷ್ಟು ನನ್ನ ಕೀರ್ತಿ ಹಬ್ಬಿತು. ತಲೆ ಕೆರೆದುಕೊಳ್ಳಲು ಕೈ ಎತ್ತಿದರೂ ಹಾರಿದವು. ಸಂತೆಗೆ ಹೋದರೆ ಹುಣಸೆಮರದ ಮೇಲಿನ ಕಾಗೆಗಳು ನನ್ನನ್ನು ಗುರುತಿಸಿ ಬೈದವು. ಐದು ವರ್ಷ ಪಾಠ ಮಾಡಿದರೂ ನನ್ನ ಮಾತು ಇಷ್ಟು ಚೆನ್ನಾಗಿ ಯಾರಿಗೂ ತಿಳಿದಿರಲಿಲ್ಲ.

"ಬೆಕ್ಕಿಗೆ" ಎಂದು ನಾನು ಅವ್ವನಿಗೆ ಹೇಳಿದ್ದೆ, ಕವಣೆ ಯಾಕೆ ಎಂದು ಕೇಳಿದ್ದಕ್ಕೆ. ಮುಂದೆ ಅವಳು ಗೋಡೆಯ ಮೇಲಿಟ್ಟ ಅನ್ನ ಒಣಗಿ ಇರುವೆ ಹತ್ತತೊಡಗಿತು. ಊಟಕ್ಕೆ ಮೊದಲು ಅವಳು ಹಿತ್ತಲ ಬಾಗಿಲಲ್ಲಿ ನಿಂತು ಆಕಾಶ ನೋಡುವಳು, ಕೊನೆಗೆ ಆಕಳಿಗೆ ಒಂದು ತುತ್ತು ಕೊಟ್ಟು ಬಂದು ಉಣ್ಣುವಳು.

"ಯಾಕೋ ಕಾಗಿ ಬರವಲ್ವಲ್ಲೋ."

"ಬಿಸಲು ಭಾಳ ಅದ ಅವ್ವಾ. ನೀರಿಗಂತ ಹೊಳಿ ಕಡೆ ಹೋಗಿರಬೇಕು" ಎಂದೆ ನಾನು. ವಿಜ್ಞಾನ ಮಾಸ್ತರ ಹೇಳಿದ್ದು, ಅವಳು ನಂಬಿದಳು. ನಾನು ಬದುಕಿನಲ್ಲಿ ಹೇಳಿದ ಸುಳ್ಳುಗಳಲ್ಲಿ ಇದು ಅತಿ ಸಣ್ಣದು ಎಂದು ಆಗ ಅನಿಸಿತ್ತು.

ಮೊಟ್ಟೆಯೊಡೆದು ಮರಿಗಳಾದವು. ರೋಮವಿಲ್ಲದ, ಕಣ್ಣು ತೆರೆಯದ, ಬರೀ ಬಾಯಿಯಾದ ಮೂರು ಜೀವ. ಹುಟ್ಟುವ ಎಲ್ಲರೂ ಮೊದಲು ಹೀಗೆಯೇ ಇರುತ್ತಾರೇನೋ ಎಂದು ಹೆದರಿಕೆಯಾಯಿತು. ತಾಯಿ-ತಂದೆ ಗುಬ್ಬಿಗಳು ದಿನಕ್ಕೆ ಎಷ್ಟು ಸಲ ಹುಳ ಹೊತ್ತು ಬಂದವೆಂದು ಎಣಿಸಲು ಹೋಗಿ ನನಗೆ ನಿದ್ದೆ ಬಂತು. ಒಂಬತ್ತನೆಯ ದಿನಕ್ಕೆ ಕಣ್ಣು ತೆರೆದಿದ್ದವು, ಮೈಮೇಲೆ ಗರಿಯ ಮುಳ್ಳು ಮೂಡಿದ್ದವು. ಅಂದೇ ಅಪ್ಪನ ಶ್ರಾದ್ಧ.

ತಾಳಿಕೋಟೆಯಿಂದ ಅಕ್ಕ, ಭಾವ ಬಂದರು. ತಂಗಡಗಿಯಿಂದ ಆಚಾರ್ಯರು ಬಸ್ಸಿಗೆ ಬಂದರು. ಹಿಂದಿನ ದಿನ ಒಪ್ಪತ್ತು, ಅಂದು ಮುಂಜಾನೆಯಿಂದ ಹನಿ ನೀರಿಲ್ಲ. ನಾನು ಮಡಿಪಂಚೆ ಉಟ್ಟು, ಮೈತುಂಬ ಮುದ್ರೆ ಹಚ್ಚಿಕೊಂಡು, ಪೋಸ್ಟಾಫೀಸಿನಿಂದ ಬಂದ ಪಾರ್ಸಲ್ಲಿನಂತೆ ಕೂತು ಹೇಳಿಸಿದ್ದನ್ನೆಲ್ಲ ಹೇಳಿದೆ. ಬ್ರಾಹ್ಮಣರ ಊಟವಾಯಿತು. ಅವರು ತೃಪ್ತರಾಗಿ ಪಡಸಾಲೆಯಲ್ಲಿ ಒರಗಿದರು. ಉಳಿದದ್ದು ಒಂದೇ. ಅನ್ನ, ವಡೆ, ಪಾಯಸ ಎಲ್ಲ ಕಲಸಿದ ಉಂಡೆಯನ್ನು ಎಲೆಯ ಮೇಲಿಟ್ಟು ಮಾಳಿಗೆಯ ಮೇಲೆ ಕಾಗೆಗೆ ಇಡಬೇಕು. ಕಾಗೆ ಮುಟ್ಟಿದ ಮೇಲೆ ಮನೆಯವರ ಊಟ.

ನಾನು ಎಲೆ ಇಟ್ಟು, ಕೈಮುಗಿದು, "ಕಾವ್ ಕಾವ್" ಎಂದು ಕರೆದೆ.

ದೂರದ ಟೊಂಗೆಯ ಮೇಲಿದ್ದ ಎರಡು ಕಾಗೆ ನನ್ನನ್ನು ಕಂಡು, ಎದ್ದು ಹೊಳೆಯ ಕಡೆ ಹೋದವು.

ಅರ್ಧ ತಾಸಾಯಿತು. ಒಂದು ತಾಸಾಯಿತು. ಸ್ಲ್ಯಾಬು ಕಾದು ಕಾಲು ಸುಡುತ್ತಿತ್ತು, ಅದೂ ನನ್ನದೇ ಸ್ಲ್ಯಾಬು. ಎಲ್ಲರೂ ಸರದಿಯ ಮೇಲೆ ಕರೆದರು. ನಮ್ಮಲ್ಲಿ ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಬೇಸರವಿದೆ ಎಂದರ್ಥ. ಅದು ಏನೆಂದು ಊಹಿಸಿ ಮಾತು ಕೊಡಬೇಕು. ಮೊದಲು ಅಕ್ಕ ಮುಂದೆ ಬಂದಳು. ಕಣ್ಣು ಮುಚ್ಚಿ, ಸಣ್ಣ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು:

"ಅಪ್ಪಾ, ನಿನ್ನ ಬೆಳ್ಳಿ ಪಂಚಪಾತ್ರಿ ನನ್ನ ಹತ್ರನ ಅದ. ಮುಂದಿನ ಸಲ ಬರೂ ಮುಂದ ತರ್ತೇನಿ."

ನಾಲ್ಕು ವರ್ಷದಿಂದ ಆ ಪಂಚಪಾತ್ರೆ ಹುಡುಕುತ್ತಿದ್ದ ಅವ್ವ ತಿರುಗಿ ಆಚಾರ್ಯರ ಮುಖ ನೋಡಿದಳು. ಅವಳು ಇಷ್ಟು ದಿನ ಯಾರ ಮೇಲೆ ಸಂಶಯ ಇಟ್ಟುಕೊಂಡಿದ್ದಳೆಂದು ಆ ನೋಟದಿಂದ ನಮಗೆಲ್ಲ ತಿಳಿಯಿತು. ಆಚಾರ್ಯರಿಗೂ ತಿಳಿಯಿತು.

ಕಾಗೆ ಬರಲಿಲ್ಲ. ಭಾವ ಮುಂದೆ ಬಂದು, ಇನ್ನು ತಂಬಾಕು ಮುಟ್ಟುವುದಿಲ್ಲ ಎಂದು ಚಂಚಿಯನ್ನು ಗೋಡೆಯ ಮೇಲಿಟ್ಟರು. ಹತ್ತು ನಿಮಿಷ ಕಾದರು. "ಮಾವನವರಿಗೆ ಇದರದೇನೂ ಬ್ಯಾಸರ ಇದ್ದಂಗ ಕಾಣೂ ಇಲ್ಲ" ಎಂದು ಚಂಚಿ ತಿರುಗಿ ತೆಗೆದುಕೊಂಡರು.

ಆಚಾರ್ಯರಿಗೆ ನಾಲ್ಕರ ಬಸ್ಸು ಹಿಡಿಯಬೇಕಿತ್ತು. "ಬಾಯಾರ, ಶಾಸ್ತ್ರದಾಗ ಇದಕ್ಕೂ ಹಾದಿ ಅದ. ದರ್ಭಿದು ಒಂದು ಕಾಗಿ ಮಾಡಿ ಮುಟ್ಟಿಸಿದರ ನಡೀತದ" ಎಂದು ಎರಡು ಎಳೆ ದರ್ಭೆ ಎತ್ತಿಕೊಂಡರು.

"ಹುಲ್ಲಿನ ಕಾಗಿ ಉಂಡರ ಅವರ ಹೊಟ್ಟಿ ತುಂಬತದೇನ್ರಿ ಆಚಾರ್ರ?" ಎಂದಳು ಅವ್ವ.

ಆಮೇಲೆ ಅವಳೇ ಎಲೆಯ ಮುಂದೆ ಕೂತಳು. ಹಿಂದಿನ ದಿನದ ಒಪ್ಪತ್ತಿನ ಮೇಲೆ ಏನೂ ಉಂಡಿರಲಿಲ್ಲ, ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. "ನಂದ ತಪ್ಪು" ಎಂದಳು. "ಅವರ ದಾಡಿ ಪೆಟ್ಟಿಗಿ ನಾನ ತಗದು ಕೊಟ್ಟೆ. ಯಾರಿಗೂ ಮುಟ್ಟಗೊಡತಿದ್ದಿಲ್ಲ ಅವರು. ನನಗ ಗೊತ್ತಿತ್ತು. ಗೊತ್ತಿದ್ದೂ ಗುಬ್ಬಿಗೆ ಕೊಟ್ಟೆ. ಅದಕ್ಕ ಹದಿನೈದ ದಿನದಿಂದ ನನ್ನ ಕೈಯಾಂದು ಅನ್ನಾ ಒಲ್ಲೆ ಅಂತಾರ." ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. "ಹೋಗು. ಆ ಪೆಟ್ಟಿಗಿ ಇಳಿಸಿ ತೊಳಕೊಂಡ ಬಾ. ಅವರ ಫೋಟೋದ ಮುಂದ ಇಡೋಣು."

"ಅದರಾಗ ಮರಿ ಅವ ಅವ್ವಾ."

"ಬುಟ್ಟ್ಯಾಗ ಇಡು."

ಬುಟ್ಟಿಯಲ್ಲಿಟ್ಟರೆ ಆ ಬಿಸಿಲಿಗೆ ಸಂಜೆಯ ತನಕ ಬದುಕುವುದಿಲ್ಲ, ತಾಯಿಯೂ ಹತ್ತಿರ ಬರಲಿಕ್ಕಿಲ್ಲ. ಅದು ನನಗೆ ಗೊತ್ತಿತ್ತು. ಕಾಗೆ ಯಾಕೆ ಬರುತ್ತಿಲ್ಲ ಎಂಬುದೂ ಗೊತ್ತಿತ್ತು. ಗೊತ್ತಿದ್ದವನು ಒಂದೂವರೆ ತಾಸು ಸುಮ್ಮನೆ ನಿಂತು, ಅಕ್ಕನ ಕಳ್ಳತನ ಹೊರಬೀಳುವುದನ್ನು ನೋಡಿ ಒಳಗೊಳಗೆ ನಕ್ಕಿದ್ದೆ. ಈಗ ಅವ್ವ ಅಳುತ್ತಿದ್ದಳು, ಅದೂ ನಾನು ಮಾಡಿದ್ದಕ್ಕೆ. ನನಗೆ ನನ್ನ ಬಗ್ಗೆ ಅಷ್ಟು ಹೇಸಿಗೆ ಎಂದೂ ಆಗಿರಲಿಲ್ಲ.

"ಅಪ್ಪಗ ಪೆಟ್ಟಿಗಿದೇನೂ ಸಿಟ್ಟಿಲ್ಲ ಅವ್ವಾ" ಎಂದೆ. "ಕಾಗಿಗೆ ನನ್ನ ಹೆದರಿಕಿ ಅದ. ಮೂರು ವಾರ ಆತು, ಕವಣೀಲೆ ಹೊಡದು ಓಡಸಲಿಕ್ಕೆ ಹತ್ತೇನಿ."

ಆಚಾರ್ಯರ ಕೈಯಲ್ಲಿ ದರ್ಭೆಯ ಕಾಗೆ ಅರ್ಧಕ್ಕೆ ನಿಂತಿತ್ತು.

"ಬೆಕ್ಕಿಗೆ ಅಂದಿದ್ದಿ."

"ಹೌದು."

"ಹೊಳಿ ಕಡೆ ಹೋಗ್ಯಾವ ಅಂದಿದ್ದಿ."

"ಅಂದಿದ್ದೆ."

"ಕಾಗಿ ಆ ತೂತಿನಾಗ ಹೋಗತದೇನೋ?"

ಬಡಿಗೇರನ ಎರಡು ಬೆರಳು ಆಗ ನೆನಪಿಗೆ ಬಂದವು. ಗುಬ್ಬಿ ಬಿಟ್ಟು ಬೇರೇನೂ ಹೋಗದಂತೆ ಲೆಕ್ಕ ಹಾಕಿ ತೂತು ಕೊರೆಸಿದವನು ನಾನೇ. ಕೊರೆಸಿ, ಅದರೊಳಗೆ ಕಾಗೆ ಹೋದೀತೆಂದು ಮೂರು ವಾರ ಕಾವಲು ಕೂತವನೂ ನಾನೇ. ಇಲ್ಲವೆಂದು ತಲೆ ಅಲ್ಲಾಡಿಸಿದೆ.

"ನೀ ಮದಲ ಇಲ್ಲಿಂದ ಹೊರಗ ಬೀಳು" ಎಂದಳು ಅವ್ವ. "ಕಾಗಿ ಕಣ್ಣಿಗೆ ಕಾಣಬ್ಯಾಡ."

ಕರ್ತೃವಾದವನು ಕರ್ಮ ಮುಗಿಯುವ ಮೊದಲು ಮಡಿಯಲ್ಲಿ ಮನೆಬಿಟ್ಟು ಹೋಗಬಹುದೇ ಎಂದು ಭಾವ ಆಚಾರ್ಯರನ್ನು ಕೇಳಿದರು. ಆಚಾರ್ಯರು ಹೊತ್ತು ನೋಡಿದರು. "ಹೋಗಲಿ, ಹೋಗಲಿ. ಲಗೂನ ಹೋಗಲಿ" ಎಂದರು.

ಬರಿಮೈಯಲ್ಲಿ, ಬರಿಗಾಲಲ್ಲಿ, ಹೆಗಲ ಮೇಲೊಂದು ಉತ್ತರೀಯ ಹಾಕಿಕೊಂಡು, ಮನೆಯಿಂದ ಹೊರಹಾಕಿಸಿಕೊಂಡವನು ಎಲ್ಲಿ ಹೋಗಬೇಕು? ಬಸಲಿಂಗಪ್ಪ ಕಾಕಾ ತಮ್ಮ ಅಂಗಳದ ಚಪ್ಪರದ ಕೆಳಗೆ ಊಟಕ್ಕೆ ಕೂತಿದ್ದರು. ನನ್ನ ಅವತಾರ ನೋಡಿ ಎಲ್ಲ ವಿಷಯ ಕೇಳಿದರು. ಕೇಳಿ ಈ ಸಲ ನಗಲಿಲ್ಲ.

"ಮಾರಿ ಮರೆಯಂಗಿಲ್ಲ ಅಂತ ಹೇಳಿದ್ನೆಲ್ರೀ" ಎಂದು, ಒಂದು ಕಡಕ ರೊಟ್ಟಿ ತೆಗೆದು ಅದರ ಮೇಲೆ ಶೇಂಗಾ ಚಟ್ನಿ, ಚಟ್ನಿಯ ಮೇಲೆ ಗಟ್ಟಿ ಮೊಸರು ಹಾಕಿ ನನ್ನ ಮುಂದೆ ಹಿಡಿದರು. "ತಿನ್ರಿ. ಮಾರಿ ನೋಡ್ರಿ ಎಷ್ಟ ಸಣ್ಣ ಆಗೈತಿ."

"ಇವತ್ತ ತಿನಬಾರದು ಕಾಕಾ. ಶ್ರಾದ್ಧ."

"ಮನ್ಯಾಗ ತಿನಬಾರದು. ಇದು ನಿಮ್ಮ ಮನಿ ಅಲ್ಲಲ್ರೀ."

ಇಷ್ಟು ಬಲವಾದ ವಾದವನ್ನು ನಾನು ಯಾವ ಶಾಸ್ತ್ರಿಯ ಬಾಯಲ್ಲೂ ಕೇಳಿಲ್ಲ. ಶ್ರಾದ್ಧದ ದಿನ, ಕರ್ತೃ, ಮಡಿಯಲ್ಲಿ, ಪಿಂಡವನ್ನು ಕಾಗೆ ಮುಟ್ಟುವ ಮೊದಲು, ಬೇರೆಯವರ ಅಂಗಳದಲ್ಲಿ. ಒಂದೊಂದಕ್ಕೂ ಒಂದೊಂದು ನರಕವಿದೆ, ನನಗೆ ಎಲ್ಲವುಗಳ ಹೆಸರೂ ಗೊತ್ತಿತ್ತು. ರೊಟ್ಟಿ ತೆಗೆದುಕೊಂಡು ಮುರಿದೆ. ಮೊದಲ ತುತ್ತು ನುಂಗಿ ಎರಡನೆಯದನ್ನು ಬಾಯಿಗಿಡುತ್ತಿದ್ದೆ, ನಮ್ಮ ಮಾಳಿಗೆಯಿಂದ ಅಕ್ಕನ ಕೂಗು ಕೇಳಿತು.

"ಬಂತು! ಬಂತವ್ವಾ! ಮುಟ್ಟಿತು!"

ಮಿಕ್ಕ ರೊಟ್ಟಿಯನ್ನು ನಾನು ಅರ್ಧಕ್ಕೆ ಬಿಟ್ಟು ಓಡಿಹೋದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಮುಗಿಸಿಯೇ ಎದ್ದೆ. ಬಾಯಿ ಮುಕ್ಕಳಿಸಿ, ಮುಖದ ಮೇಲೆ ಉಪವಾಸದ ಕಳೆ ತಂದುಕೊಂಡು ಮನೆಗೆ ಹೋದೆ. ಆಚಾರ್ಯರು ಬಸ್‌ಸ್ಟ್ಯಾಂಡಿನ ಹಾದಿ ಹಿಡಿದಾಗಿತ್ತು. ಅಡಿಗೆ ಮನೆಯಲ್ಲಿ ಎಲೆ ಹಾಕಿದ್ದರು. ಅವ್ವ ಬಡಿಸುತ್ತಿದ್ದಳು. ಅವಳ ಮುಖದಲ್ಲಿ ಬೆಳಕಿತ್ತು, ನನ್ನ ಮೇಲಿನ ಸಿಟ್ಟು ಎಲ್ಲೂ ಕಾಣಲಿಲ್ಲ.

"ಅವರು ಇದ್ದಾಗೂ ಹಿಂಗ ಮಾಡ್ತಿದ್ರು" ಎಂದಳು, ನನ್ನ ಎಲೆಗೆ ವಡೆ ಹಾಕುತ್ತ. "ನಾ ತಾಟು ಹಾಕಿ ಕರೀತಿದ್ದೆ. ದೇವರ ಮನಿಯಿಂದ ಏಳತಿದ್ದಿಲ್ಲ. ಅಂವಾ ಉಂಡನೇನು ಅಂತ ಕೇಳತಿದ್ರು. ಹೂಂ ಅಂದ ಮ್ಯಾಲೆ ಬಂದು ಕೂಡತಿದ್ರು. ಒಂದಿನಾ ನೀ ಹೊತ್ತಾಗಿ ಬಂದರ ಅವರದೂ ಹೊತ್ತು. ನೀ ಉಣಲಾರದ ಅವರಿಗೆ ತುತ್ತು ಇಳೀತಿದ್ದಿಲ್ಲ."

ನಾನು ತಲೆ ಎತ್ತಲಿಲ್ಲ. ಅಷ್ಟು ವರ್ಷ ಬೇಗ ಬೇಗ ಉಂಡು ಚಪ್ಪಲಿ ಮೆಟ್ಟಿ ಹೊರಬೀಳುತ್ತಿದ್ದವನು, ಒಂದು ದಿನವಾದರೂ ಹೊಸಿಲಲ್ಲಿ ನಿಂತು ಹಿಂದೆ ಏನು ಮಾತಾಗುತ್ತದೆ ಎಂದು ಕೇಳಿರಲಿಲ್ಲ. ವಡೆಯನ್ನು ಸಣ್ಣ ಸಣ್ಣ ತುಂಡು ಮಾಡುತ್ತ ಕೂತೆ.

"ಇವತ್ತ ಹೆಂಗ ತಿಳೀತೋ ಏನೋ ಅವರಿಗೆ" ಎಂದು ಅವ್ವ ಬಗ್ಗಿ, ನನ್ನ ಉತ್ತರೀಯದ ಅಂಚಿಗೆ ಹತ್ತಿದ್ದ ಶೇಂಗಾ ಚಟ್ನಿಯನ್ನು ಹೆಬ್ಬೆರಳಿನಿಂದ ಒರೆಸಿ, ಮುಂದಿನ ಎಲೆಗೆ ಹೋದಳು.

ವಾರದ ನಂತರ ಒಂದು ಮುಂಜಾನೆ ಪೆಟ್ಟಿಗೆ ಖಾಲಿಯಾಗಿತ್ತು. ಗುಬ್ಬಿಗಳು ಹೇಳದೆ ಕೇಳದೆ ಹೋಗಿದ್ದವು, ಸಿಂದಗಿಯ ಮನೆಯಿಂದ ನಾನೂ ಹಾಗೆಯೇ ಹೋಗಿದ್ದೆ. ಅದೇ ದಿನ ಇಂಡಿಯಿಂದ ಕಾರ್ಡು ಬಂತು, ಗಂಡು. ಕುಸುಮಾ ಅತ್ತೆಯ ಮಾತು ಮೀರಿರಲಿಲ್ಲ. ಕವಣೆಯನ್ನು ಕಾಕಾಗೆ ಮರಳಿಸಿದೆ. ಕಾಗೆಗಳ ಜೊತೆ ರಾಜಿ ಮಾಡಿಕೊಳ್ಳಲು ಇನ್ನೂ ಎರಡು ವರ್ಷ ಹಿಡಿಯಿತು, ಗೋಡೆಯ ಅನ್ನವನ್ನು ನಾನೇ ಇಟ್ಟು ದೂರ ಸರಿದು ನಿಲ್ಲುತ್ತಿದ್ದೆ. ದಾಡಿ ಪೆಟ್ಟಿಗೆ ಅಲ್ಲೇ ಗೋಡೆಯ ಮೇಲಿದೆ. ಪ್ರತಿ ಬೇಸಿಗೆಗೂ ಒಕ್ಕಲು ಬರುತ್ತದೆ. ನಾನು ಸ್ಟೂಲು ಹತ್ತುವುದಿಲ್ಲ.

ಶ್ರಾದ್ಧ ಮಾತ್ರ ವರ್ಷಾವರ್ಷ ನಡೆಯುತ್ತದೆ. ನಾನು ಮಾಳಿಗೆಯ ಮೇಲೆ ಎಲೆ ಇಟ್ಟು ಕೈಮುಗಿಯುತ್ತೇನೆ, ಅವ್ವ ನನ್ನ ಮುಖ ನೋಡುತ್ತಾಳೆ, ನಾನು ಉತ್ತರೀಯ ಸರಿಮಾಡಿಕೊಂಡು ಹಿತ್ತಲ ಬಾಗಿಲಿನಿಂದ ಹೊರಬೀಳುತ್ತೇನೆ. ಚಪ್ಪರದ ಕೆಳಗೆ ಬಸಲಿಂಗಪ್ಪ ಕಾಕಾ ಏನೂ ಕೇಳದೆ ಒಂದು ಕಡಕ ರೊಟ್ಟಿ ಮುಂದೆ ಹಿಡಿಯುತ್ತಾರೆ. ಕಾಗೆ ಇದುವರೆಗೆ ಒಂದು ಸಲವೂ ತಡ ಮಾಡಿಲ್ಲ.